ನಾಲ್ಕನೇ ಒರಳು

ಕಂಪನಿಗಳನ್ನು ಓದಿ ಪಾಠ ಕಲಿಯುತ್ತಾರೆ ಎಂಬುದು ನನಗೆ ಅರವತ್ತು ದಾಟಿದ ಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಕಂಪನಿ ಅಂದರೆ ಸಾಬೂನು ಮಾಡುವವರು, ಬಿಸ್ಕೀಟು ಮಾಡುವವರು, ಮಾಡಿದ್ದನ್ನು ಟೀವಿಯಲ್ಲಿ ಕುಣಿದು ಮಾರುವವರು ಎಂದಷ್ಟೇ ನನ್ನ ತಿಳುವಳಿಕೆ. ನಮ್ಮದು ಕಂಪನಿ ಅಲ್ಲ. ಅಥಣಿಯ ಒಂದು ಓಣಿಯಲ್ಲಿ ಖಾರ ಕುಟ್ಟುವ ಗಿರಣಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಗಂಡ ಇರುವವರೆಗೆ ಆತ ನಡೆಸಿದ, ಆತ ಹೋದ ಮೇಲೆ ನಾನು ನಡೆಸಿದೆ. ಮಗ ಮೋಟಾರು ನೋಡಿಕೊಳ್ಳುತ್ತಿದ್ದ, ನಾನು ಬಂದ ಹೆಂಗಸರನ್ನು ನೋಡಿಕೊಳ್ಳುತ್ತಿದ್ದೆ. ಎರಡರಲ್ಲಿ ಕಷ್ಟದ ಕೆಲಸ ಯಾವುದೆಂದು ಹೇಳುವ ಅಗತ್ಯವಿಲ್ಲ.

ನಮ್ಮ ಕಡೆ ವರ್ಷದ ಖಾರವನ್ನು ಬೇಸಿಗೆಯಲ್ಲಿ ಒಮ್ಮೆಲೇ ಮಾಡಿಟ್ಟುಕೊಳ್ಳುತ್ತಾರೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಉರಿಗೆ ಸಂಕೇಶ್ವರಿ. ಅದಕ್ಕೆ ಹುರಿದ ಕೊತ್ತಂಬರಿ, ಎಳ್ಳು, ಒಣಕೊಬ್ಬರಿ, ಲವಂಗ, ಎಣ್ಣೆಯಲ್ಲಿ ಕರಿದ ಉಳ್ಳಾಗಡ್ಡಿ, ಸುಲಿದ ಬೆಳ್ಳುಳ್ಳಿ. ಯಾವುದು ಎಷ್ಟು ಎಂಬುದು ಮನೆಗೊಂದು ನಮೂನೆ. ಅತ್ತೆ ಸೊಸೆಗೆ ಹೇಳುತ್ತಾಳೆ, ಸೊಸೆ ಯಾರಿಗೂ ಹೇಳುವುದಿಲ್ಲ. ಎಲ್ಲವನ್ನೂ ಮನೆಯಲ್ಲೇ ಹುರಿದು, ಬುಟ್ಟಿಯಲ್ಲಿ ಹೊತ್ತು ಗಿರಣಿಗೆ ತರುತ್ತಾರೆ. ತಂದವಳು ತನ್ನ ಒರಳಿನ ಪಕ್ಕದಲ್ಲೇ ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತು, ತನ್ನ ಖಾರ ಮುಗಿಯುವವರೆಗೆ ಏಳುವುದಿಲ್ಲ. ಒರಳು ಬಿಟ್ಟು ನೀರು ಕುಡಿಯಲು ಹೋದರೂ ಪಕ್ಕದವಳು ಒಂದು ಹಿಡಿ ತೆಗೆದುಕೊಂಡಾಳೆಂಬ ಅನುಮಾನ. ಅನುಮಾನ ಸುಳ್ಳೂ ಅಲ್ಲ.

ನಮ್ಮಲ್ಲಿ ನಾಲ್ಕು ಒರಳು. ಮೇಲೆ ಕಟ್ಟಿಗೆಯ ಒನಕೆಗಳು, ಅವುಗಳ ತುದಿಗೆ ಕಬ್ಬಿಣದ ಬಳೆ. ಮೋಟಾರು ಹಚ್ಚಿದರೆ ಒನಕೆಗಳು ಸರದಿಯಂತೆ ಏಳುತ್ತವೆ, ಬೀಳುತ್ತವೆ. ಒಬ್ಬಳ ಖಾರ ಮುಗಿದ ಮೇಲೆ, ಇನ್ನೊಬ್ಬಳದು ಹಾಕುವ ಮೊದಲು, ಒರಳಿಗೆ ಎರಡು ಹಿಡಿ ಹರಳುಪ್ಪು ಹಾಕಿ ಕುಟ್ಟುತ್ತೇವೆ. ಉಪ್ಪು ಒರಳನ್ನು ಸವರಿಕೊಂಡು ಬರುತ್ತದೆ. ಹಾಗೆ ಬಂದ ಕೆಂಪುಪ್ಪು ಗಿರಣಿಯವರದು. ನಮ್ಮ ಮನೆಯಲ್ಲಿ ಮಾವಿನಕಾಯಿ, ಪೇರಲ, ಮಜ್ಜಿಗೆ ಎಲ್ಲಕ್ಕೂ ಅದೇ ಉಪ್ಪು.

ನಾಲ್ಕನೇ ಒರಳಿಗೆ ಒಂದು ಕಟ್ಟು ಇತ್ತು. ಅದರಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಬಿದ್ದ ಖಾರ ಹಾಕುವ ಹಾಗಿಲ್ಲ. ಈ ಕಟ್ಟು ನನ್ನ ಅತ್ತೆ ಹಾಕಿದ್ದು. ಶೇಡಬಾಳ, ಕಾಗವಾಡದ ಕಡೆ ಜೈನರ ಮನೆಗಳು ಬಹಳ. ಅವರು ನೆಲದೊಳಗೆ ಬೆಳೆಯುವ ಗಡ್ಡೆ ತಿನ್ನುವುದಿಲ್ಲ. ಅವರ ಹೆಂಗಸರು ದಾರಿಯಲ್ಲಿ ಮೂರು ಗಿರಣಿಗಳನ್ನು ಬಿಟ್ಟು ನಮ್ಮಲ್ಲಿಗೆ ಬರುತ್ತಿದ್ದರು. ಆ ಒರಳು ದಿನಕ್ಕೆ ಎರಡು ಮೂರು ತಾಸು ನಡೆದರೆ ಹೆಚ್ಚು. ಉಳಿದ ಹೊತ್ತು ಸುಮ್ಮನೆ ಬಾಯಿ ತೆರೆದುಕೊಂಡು ಇರುತ್ತಿತ್ತು. ಅತ್ತೆ ಇರುವವರೆಗೆ ಯಾರೂ ಯಾಕೆ ಎಂದು ಕೇಳಲಿಲ್ಲ. ಅತ್ತೆ ಹೋದ ಮೇಲೂ ಕೇಳಲಿಲ್ಲ. ಕೇಳಿದವಳು ನನ್ನ ಮೊಮ್ಮಗಳು.

ಅವಳು ನನ್ನ ಮಗನ ಮಗಳು. ಬೆಳಗಾವಿಯಲ್ಲಿ ಎಂಬಿಎ ಓದುತ್ತಿದ್ದಳು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು. ಆ ಬೇಸಿಗೆಗೆ ಸೂಟಿಯಲ್ಲಿ ಬಂದಾಗ ದಪ್ಪನೆಯ ಝೆರಾಕ್ಸ್ ಪುಸ್ತಕ ಒಂದು ತಂದಿದ್ದಳು. ಅದರ ತುಂಬ ಕಂಪನಿಗಳ ಕಥೆ. ಯಾವ ಕಂಪನಿ ಹೇಗೆ ಏಳಿಗೆಯಾಯಿತು, ಯಾವುದು ಹೇಗೆ ಮುಳುಗಿತು, ಅದರಿಂದ ಏನು ಕಲಿಯಬೇಕು. ಸೂಟಿ ಮುಗಿಯುವುದರೊಳಗೆ ಯಾವುದಾದರೂ ಒಂದು ದಂಧೆಯನ್ನು ನೋಡಿ ಹಾಗೆಯೇ ಬರೆದುಕೊಂಡು ಬರಬೇಕೆಂದು ಕಾಲೇಜಿನವರು ಹೇಳಿದ್ದರಂತೆ. ಅವಳು ನಮ್ಮ ಗಿರಣಿಯನ್ನೇ ಹಿಡಿದಳು. ನಾನು ಮಧ್ಯಾಹ್ನ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತರೆ ಅವಳು ಎದುರಿಗೆ ಕುಳಿತು ಇಂಗ್ಲಿಷಿನಲ್ಲಿ ಓದಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದಳು.

"ಕೇಳಿಲ್ಲಿ ಆಯಿ. ಒಂದ್ ಬಿಸ್ಕೀಟ್ ಕಂಪನಿ ಇತ್ತಂತ. ಹತ್ತಾರ್ ನಮೂನಿ ಬಿಸ್ಕೀಟ್ ಮಾಡ್ತಿತ್ತಂತ. ಲುಕ್ಸಾನ ಆತು. ಎಲ್ಲಾ ಬಿಟ್ಟು ಮೂರ ನಮೂನಿ ಇಟ್ಕೊಂಡ್ರು, ಏಳ್ಗಿ ಆತು."

"ಉಳದಾವು ತಿಂತಿದ್ದ ಮಂದಿ ಎಲ್ಲಿ ಹೋದ್ರು?"

"ಅದನ್ನ ಬರದಿಲ್ಲ."

"ಹಂಗಾರ ಅರ್ಧಾ ಕತಿ ಅದು. ಮುಂದಿಂದು ಹೇಳು."

ಮುಂದಿನದು ಹಾಲಿನ ಪುಡಿಯ ಕಂಪನಿ. ಒಂದು ಊರಿಗೆ ಹೋದ ಡಬ್ಬಿಗಳಲ್ಲಿ ಏನೋ ಕಲಬೆರಕೆ ಆಗಿದೆ ಎಂದು ಕಂಪನಿಯವರಿಗೇ ಮೊದಲು ಗೊತ್ತಾಯಿತಂತೆ. ಇನ್ನೂ ಯಾರೂ ತಕರಾರು ಮಾಡಿರಲಿಲ್ಲ. ಆದರೂ ಅವರೇ ಮುಂದಾಗಿ ಡಂಗುರ ಸಾರಿ, ಅಂಗಡಿ ಅಂಗಡಿಗೆ ಹೋಗಿ ಡಬ್ಬಿ ವಾಪಸ್ ತಂದರಂತೆ.

"ಹುಚ್ಚರದಾರ," ಎಂದೆ ನಾನು. "ಯಾರೂ ಕೇಳಿಲ್ಲ ಅಂದಮ್ಯಾಲೆ ಬಾಯಿ ಮುಚ್ಚಿ ಕುಂಡ್ರಬೇಕಿಲ್ಲ? ಮೈಮ್ಯಾಲೆ ಎಳ್ಕೊಂಡ್ರು."

"ಅದಕ್ಕ ಮಂದಿ ಅವರನ್ನ ನಂಬಿದ್ರು, ಆಯಿ."

"ನಂಬಿದ್ದು ಪುಸ್ತಕದಾಗ," ಎಂದು ನಾನು ತೊಟ್ಟು ಬಿಡಿಸಿದೆ.

ಮೂರನೆಯ ಕಥೆ ಮಾತ್ರ ನನ್ನ ತಲೆಗೆ ಹತ್ತಿತು. ಒಂದು ಬಟ್ಟೆಯ ಕಾರ್ಖಾನೆಯಲ್ಲಿ ಯಂತ್ರ ಸಾಲದು, ಹೊಸದು ತರಬೇಕು ಎಂದು ಎಲ್ಲರೂ ಒದ್ದಾಡುತ್ತಿದ್ದಾಗ, ಒಬ್ಬ ಬಂದು ವಾರಗಟ್ಟಲೆ ಸುಮ್ಮನೆ ನಿಂತು ನೋಡಿದನಂತೆ. ಇರುವ ಯಂತ್ರಗಳೇ ಅರ್ಧ ದಿನ ಖಾಲಿ ನಿಂತಿರುತ್ತವೆ ಎಂದು ತೋರಿಸಿದನಂತೆ. ಅವನ್ನೇ ಪೂರ್ತಿ ಓಡಿಸಿದರು, ಕಾರ್ಖಾನೆ ಬದುಕಿತು.

"ನಿಂತ ಮಷಿನ್ ಕಳ್ಳ ಇದ್ದಂಗಂತ ಆಯಿ," ಎಂದಳು. ಎಂದವಳೇ ಕತ್ತು ತಿರುಗಿಸಿ ನಾಲ್ಕನೇ ಒರಳನ್ನು ನೋಡಿದಳು. ನಾನೂ ನೋಡಿದೆ.

ಆ ವರ್ಷ ಕರೆಂಟಿನ ತಾಪತ್ರಯ ಹೇಳತೀರದು. ಮೋಟಾರು ಓಡುವ ಕರೆಂಟು ದಿನಕ್ಕೆ ಕೆಲವೇ ತಾಸು ಬರುತ್ತಿತ್ತು. ಅದೂ ಈ ವಾರ ಬೆಳಿಗ್ಗೆ, ಮುಂದಿನ ವಾರ ಮಧ್ಯಾಹ್ನ. ಬಂದಷ್ಟು ಹೊತ್ತಿನಲ್ಲಿ ಮೂರು ಒರಳಿಗೆ ಓಣಿಯ ತುದಿಯವರೆಗೆ ಬುಟ್ಟಿಗಳ ಸಾಲು. ಕಾದು ಕಾದು ಬೇಸತ್ತ ಹೆಂಗಸರು ಹೊಸದಾಗಿ ಶುರುವಾಗಿದ್ದ ಪುಡಿ ಮಾಡುವ ಮಷಿನ್ನಿಗೆ ಹೋಗತೊಡಗಿದ್ದರು. ಅಲ್ಲಿ ಖಾರ ಕಾದು ಸುಟ್ಟ ವಾಸನೆ ಹೊಡೆಯುತ್ತದೆ, ಆದರೆ ಬೇಗ ಆಗುತ್ತದೆ. ಸಾಲಿನಲ್ಲಿ ನಿಂತವರೆಲ್ಲ ಖಾಲಿ ಒರಳನ್ನು ತೋರಿಸಿ ನನ್ನನ್ನು ಮೂದಲಿಸುತ್ತಿದ್ದರು.

"ಯಾಕ ಬೇ, ಆ ಒರಳಿಗೆ ಮಂದಿ ಆಗಿ ಬರಂಗಿಲ್ಲೇನು? ಮೊಮ್ಮಗಳ ಮದಿವಿಗೆ ಇಟ್ಟೀ?"

ಮೊಮ್ಮಗಳು ಹಲಗೆ ತಂದು ಸುಣ್ಣದ ಕಡ್ಡಿಯಿಂದ ಬರೆದಳು. ಮಂಗಳವಾರ, ಶುಕ್ರವಾರ ನಾಲ್ಕನೇ ಒರಳು ಜೈನರಿಗೆ. ಉಳಿದ ದಿನ ಎಲ್ಲರಿಗೂ. ಗುರುವಾರ ಸಂಜೆ ಮತ್ತು ಸೋಮವಾರ ಸಂಜೆ ಒರಳನ್ನು ಬೂದಿ ಹಚ್ಚಿ ತಿಕ್ಕಿ, ಕುದಿಯುವ ನೀರು ಹಾಕಿ ತೊಳೆದು, ಉಪ್ಪು ಕುಟ್ಟಿ ಆ ಉಪ್ಪನ್ನು ಚೆಲ್ಲುವುದು. ಮಗ ಹಲಗೆ ನೋಡಿ ಖುಷಿಯಾದ. ನಾನೂ ಹೂಂ ಎಂದೆ. ಇಲ್ಲಿ ಯಾರ ಮೇಲೂ ತಪ್ಪು ಹಾಕುವ ಮಾತಿಲ್ಲ, ಹುಡುಗಿ ಬರೆದಳು, ಆದರೆ ಗಿರಣಿ ನನ್ನದು, ಹೂಂ ಎಂದವಳು ನಾನು. ಅತ್ತೆಯ ಕಟ್ಟನ್ನು ಮುರಿಯುತ್ತಿದ್ದೇನೆ ಎಂಬ ನೆನಪು ಕೂಡ ಆಗಲಿಲ್ಲ. ಸಾಲು ಕರಗುವುದೊಂದೇ ಕಣ್ಣಿಗೆ ಬಿದ್ದಿತ್ತು.

ಶನಿವಾರದಿಂದ ಶುರು ಮಾಡಿದೆವು. ಸಾಲು ಕರಗಿತು. ಮಂಗಳವಾರ ಜೈನರ ಮನೆಯವರು ಯಾರೂ ಬರಲಿಲ್ಲ. ಗುರುವಾರ ಸಂಜೆ ನಾನೇ ಸೊಂಟಕ್ಕೆ ಸೆರಗು ಕಟ್ಟಿ ಒರಳು ತಿಕ್ಕಿದೆ. ಕನ್ನಡಿಯ ಹಾಗೆ ಆಯಿತು.

ಶುಕ್ರವಾರ ಬೆಳಿಗ್ಗೆ ಮೊದಲು ಬಂದವಳು ಶೇಡಬಾಳದವಳು. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಕಬ್ಬಿನ ಹೊಲದವಳು, ಮದುವೆಯಾಗಿ ಬಂದ ವರ್ಷದಿಂದ ನಮ್ಮಲ್ಲಿಗೇ ಬರುತ್ತಿದ್ದಳು. ಅವಳ ಮನೆಯಲ್ಲಿ ಅತ್ತೆ ಇದ್ದಳು. ಎಂಬತ್ತು ದಾಟಿದ ಮುದುಕಿ. ಹುಟ್ಟಿದಾಗಿನಿಂದ ಉಳ್ಳಾಗಡ್ಡಿ ಬೆಳ್ಳುಳ್ಳಿ ಬಾಯಿಗೆ ಬಿದ್ದಿಲ್ಲ, ಪರಸ್ಥಳದಲ್ಲಿ ನೀರು ಕೂಡ ಸೋಸದೆ ಕುಡಿದಿಲ್ಲ. "ನಮ್ಮ ಅತ್ತಿ ತಿನ್ನೂದು ನನ್ನ ಕೈಯಾಂದು, ನಿನ್ನ ಒರಳಂದು, ಎರಡಽ," ಎಂದು ಆಕೆ ಪ್ರತಿ ವರ್ಷ ಹೇಳುತ್ತಿದ್ದಳು. ಆ ದಿನವೂ ಹೇಳಿದಳು. ಅವಳಿಗೆ ಹಲಗೆ ಓದಲು ಬರುತ್ತಿರಲಿಲ್ಲ, ನಾನೂ ಓದಿ ಹೇಳದೆ ಹಲ್ಲು ಕಿರಿದು ಕೇಳಿಸಿಕೊಂಡೆ.

ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತಳು. ಪಕ್ಕದ ಮೂರು ಒರಳುಗಳಿಂದ ಬೆಳ್ಳುಳ್ಳಿಯ ಘಾಟು ಬರುತ್ತಲೇ ಇತ್ತು, ಅದು ಯಾವತ್ತೂ ಇರುವುದೇ. ಅವಳ ಖಾರ ಮುಗಿಯಿತು. ರೂಢಿಯಂತೆ ಮಗ ಎರಡು ಹಿಡಿ ಉಪ್ಪು ಹಾಕಿ ಕುಟ್ಟಿ ಬಟ್ಟಲಿಗೆ ತೆಗೆದಿಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು. ಆ ದಿನ ಮತ್ತೆ ಬರಲಿಲ್ಲ. ನಾಲ್ಕನೇ ಒರಳಿನಲ್ಲಿ ಆವತ್ತು ಅವಳದೊಂದೇ ಖಾರ ಆದದ್ದು.

ಶನಿವಾರ ಬೆಳಿಗ್ಗೆ ಯಾರೋ ಮಾವಿನಕಾಯಿ ಕೊಟ್ಟಿದ್ದರು. ಹೆಚ್ಚಿ, ಕೈಗೆ ಸಿಕ್ಕ ಬಟ್ಟಲಿನ ಉಪ್ಪು ಹಚ್ಚಿ ಒಂದು ಹೋಳು ಬಾಯಿಗಿಟ್ಟೆ. ಬೆಳ್ಳುಳ್ಳಿ. ಸಂಶಯವೇ ಇಲ್ಲ. ಇದು ಯಾವ ಒರಳಿನ ಉಪ್ಪು ಎಂದು ಮಗನನ್ನು ಕೇಳಿದೆ. "ನಾಲ್ಕನೇದ್ದು, ನಿನ್ನಿದು," ಎಂದ.

ಬಾಯಲ್ಲಿದ್ದ ಹೋಳನ್ನು ಉಗುಳಿ ಗಿರಣಿಗೆ ಹೋದೆ. ಒರಳಿಗೆ ಮೂಗು ಇಟ್ಟೆ. ಬೂದಿಯ ವಾಸನೆ ಬಿಟ್ಟರೆ ಏನೂ ಇಲ್ಲ. ಆಮೇಲೆ ಒನಕೆಗೆ ಮೂಗು ಇಟ್ಟೆ. ಬಳೆಯ ಮೇಲಿನ ಕಟ್ಟಿಗೆ ಕರಿದ ಉಳ್ಳಾಗಡ್ಡಿಯ ಎಣ್ಣೆ ಕುಡಿದು ಕಪ್ಪಾಗಿತ್ತು. ಐದು ದಿನ ಕುಡಿದದ್ದನ್ನು ಶುಕ್ರವಾರ ಶೇಡಬಾಳದವಳ ಖಾರದಲ್ಲಿ ಕಾರಿತ್ತು. ನಾವು ಕಲ್ಲನ್ನು ತಿಕ್ಕಿದ್ದೆವು. ಕಟ್ಟಿಗೆಯ ನೆನಪು ನಮಗೆ ಯಾರಿಗೂ ಬಂದಿರಲಿಲ್ಲ. ಉಪ್ಪಿನಕಾಯಿ ಕಲಸಿದ ಕಟ್ಟಿಗೆಯ ಸೌಟಿನಿಂದ ಪಾಯಸ ತಿರುವಬಾರದು ಎಂಬುದು ಹತ್ತು ವರ್ಷದ ಹುಡುಗಿಗೆ ಗೊತ್ತಿರುವ ಮಾತು. ನನಗೆ ಅರವತ್ತೆರಡು.

ಹೊಸ ಖಾರವನ್ನು ಬಿಸಿ ಇರುವಾಗ ಭರಣಿಗೆ ತುಂಬುವುದಿಲ್ಲ. ಒಂದು ದಿನ ಬಟ್ಟೆಯ ಮೇಲೆ ಹರವಿ ಆರಿಸುತ್ತಾರೆ. ಮರುದಿನ ಇಂಗಿನ ಹರಳು ಇಟ್ಟು ತುಂಬುತ್ತಾರೆ. ತುಂಬುವ ದಿನ ಒಂದು ಚಮಚ ತೆಗೆದು, ಹಸಿ ಎಣ್ಣೆ ಹಾಕಿ, ಬಿಸಿ ರೊಟ್ಟಿಯ ಜೊತೆ ಮನೆಯವರೆಲ್ಲ ರುಚಿ ನೋಡುತ್ತಾರೆ. ಅಂದರೆ ಇವತ್ತು. ಅಂದರೆ ಇವತ್ತಿನ ಊಟಕ್ಕೆ.

ನಾನು ಸೀರೆ ಬದಲಿಸಿ ಹೊರಟೆ. ಮಗ ಬಾಗಿಲಿಗೆ ಅಡ್ಡ ನಿಂತ.

"ಯವ್ವಾ, ಎಲ್ಲಿಗೆ ಹೊಂಟಿ? ಅವರಿಗೇನು ಗೊತ್ತಾಗ್ತತಿ? ಒಂದು ಚೂರು ವಾಸನಿ. ಹೋಗಿ ಹೇಳಿದ್ರ ಊರ ತುಂಬ ಡಂಗುರಾ ಆಕ್ಕೈತಿ. ಶೇಡಬಾಳದ ಒಂದು ನರಪಿಳ್ಳಿ ಈ ಕಡೆ ಬರಂಗಿಲ್ಲ ಮತ್ತ."

ಅವನ ಮಾತು ಸುಳ್ಳಲ್ಲ. ನಾನು ಒಂದು ಗಳಿಗೆ ನಿಂತೆ. ಖರೇ ಹೇಳಬೇಕೆಂದರೆ ಒಂದು ಗಳಿಗೆಗಿಂತ ಹೆಚ್ಚೇ ನಿಂತೆ. ಯಾರೂ ಕೇಳಿಲ್ಲ ಅಂದ ಮೇಲೆ ಬಾಯಿ ಮುಚ್ಚಿ ಕುಳಿತರೆ ಆಯಿತಲ್ಲ ಎಂದು ಎರಡು ವಾರದ ಹಿಂದೆ ನಾನೇ ಹೇಳಿದ್ದೆ. ಹಾಲಿನ ಪುಡಿಯವರನ್ನು ಹುಚ್ಚರು ಎಂದಿದ್ದೆ.

ಮೊಮ್ಮಗಳು ಒಳಗಿನಿಂದ ಚಪ್ಪಲಿ ಮೆಟ್ಟಿಕೊಂಡೇ ಬಂದಳು. ಮುಖ ಸಣ್ಣದಾಗಿತ್ತು. "ಆಯಿ, ಡಬ್ಬಿ ವಾಪಸ್ ತರೂಣು ನಡಿ," ಎಂದಳು. ಅಷ್ಟೇ. ಪುಸ್ತಕದ ಹೆಸರು ಎತ್ತಲಿಲ್ಲ, ಅದೊಂದು ಬುದ್ಧಿವಂತಿಕೆ ಮಾಡಿದಳು.

ಕಾಗವಾಡದ ಬಸ್ಸು ಹತ್ತಿದೆವು. ಬಸ್ಸಿನ ತುಂಬ ಮದುವೆಯ ಮಂದಿ. ನಿಂತೇ ಹೋದೆವು. ನಾನು ಕಿಟಕಿಯಿಂದ ಬಿಸಿಲನ್ನು ನೋಡುತ್ತಿದ್ದೆ. ಜೈನರು ಹೊತ್ತು ಮುಳುಗುವ ಮುಂಚೆ ಎರಡನೆಯ ಊಟ ಮುಗಿಸುತ್ತಾರೆ, ಮೊದಲನೆಯದು ಹನ್ನೊಂದು ಹನ್ನೆರಡಕ್ಕೆ. ಬಸ್ಸು ಹೊರಟಾಗಲೇ ಹತ್ತೂವರೆ. ಪ್ರತಿ ಹಳ್ಳಿಗೂ ನಿಲ್ಲಿಸುವ ಡ್ರೈವರನಿಗೆ ಮನಸ್ಸಿನಲ್ಲೇ ಬೈದೆ. ಒಂದು ಕಡೆ ಕಬ್ಬಿನ ಗಾಡಿ ಅಡ್ಡ ನಿಂತು ಮತ್ತೆ ತಡವಾಯಿತು. ಆಗ ಗಟ್ಟಿಯಾಗಿಯೇ ಬೈದೆ.

ಮೊಮ್ಮಗಳು ಕೇಳಿದಳು, "ಆಯಿ, ತಿಂದುಬಿಟ್ಟಿದ್ರ?"

"ತಿಂದಿದ್ರ ತಿಂದಾರ. ಹೇಳೂದಂತೂ ಹೇಳೂದು."

"ಅಲ್ಲ, ಆಕಿ ಎಂಬತ್ತ ವರ್ಷದ..."

"ನನಗ ಗೊತ್ತೈತಿ ಆಕಿಗೆ ಎಷ್ಟಂತ. ಸುಮ್ಮ ನಿಂದ್ರು."

ನನಗೆ ದೇವರು ದಿಂಡರು ಅಷ್ಟಕ್ಕಷ್ಟೇ. ಉಳ್ಳಾಗಡ್ಡಿ ತಿಂದರೆ ಪಾಪ ಬರುತ್ತದೆ ಎಂದು ನಾನು ನಂಬಿದವಳಲ್ಲ, ನಾನು ದಿನಾ ತಿನ್ನುತ್ತೇನೆ. ಆದರೆ ಒಬ್ಬಳು ಎಂಬತ್ತು ವರ್ಷ ಕಾಯ್ದುಕೊಂಡು ಬಂದದ್ದನ್ನು ಇನ್ನೊಬ್ಬಳು ಸಾಲು ಕರಗಲಿ ಎಂದು ಕೆಡಿಸುವುದು ಬೇರೆ ಮಾತು. ಅದನ್ನು ಮತ್ತೆ ಕಟ್ಟಿಕೊಡಲು ಆಗುವುದಿಲ್ಲ. ಖಾರ ಇನ್ನೊಮ್ಮೆ ಕುಟ್ಟಿ ಕೊಡಬಹುದು, ಎಂಬತ್ತು ವರ್ಷ ಎಲ್ಲಿಂದ ತರಲಿ?

ಕಾಗವಾಡದಲ್ಲಿ ಇಳಿದು ಟಂಟಂ ರಿಕ್ಷಾ ಹಿಡಿದೆವು. ಶೇಡಬಾಳ ಮುಟ್ಟಿದಾಗ ಹನ್ನೆರಡು ದಾಟಿತ್ತು. ಮನೆ ಕೇಳುತ್ತ ಹೋದೆವು. ಇಷ್ಟು ವರ್ಷ ಅವಳು ನಮ್ಮಲ್ಲಿಗೆ ಬಂದಿದ್ದಳು, ನಾನು ಅವಳ ಹೊಸ್ತಿಲು ತುಳಿದಿರಲಿಲ್ಲ. ಪಡಸಾಲೆಯಲ್ಲಿ ಬಿಳಿ ಧೋತರ ಹಾಸಿ ಅದರ ಮೇಲೆ ಖಾರ ಹರವಿತ್ತು. ಅಂಚಿನಲ್ಲಿ ತೊಳೆದು ಒಣಗಿಸಿದ ಭರಣಿ ಇತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಮುದುಕಿ ಕಂಬಕ್ಕೆ ಒರಗಿ ಕುಳಿತು ಜಪದ ಮಣಿ ಎಣಿಸುತ್ತಿದ್ದಳು. ಅವಳ ಮುಂದೆ ತಾಟು ಇರಲಿಲ್ಲ. ಉಂಡು ಎತ್ತಿದ್ದಾರೋ, ಇನ್ನೂ ಇಟ್ಟಿಲ್ಲವೋ ತಿಳಿಯಲಿಲ್ಲ.

ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅಯ್ಯ, ಅಕ್ಕಾ! ಬರ್ರಿ ಬರ್ರಿ. ಏನು ದಾರಿ ತಪ್ಪಿ ಬಂದ್ರಿ?"

"ನೀರು ಗೀರು ಆಮ್ಯಾಲೆ. ಈ ಖಾರಾ ತಿಂದ್ರೇನು?"

"ಇಲ್ಲಲ್ಲ. ಯಾಕ?"

"ನಿಮ್ಮ ಅತ್ತಿ?"

"ಅತ್ತಿ ಇವತ್ತ ಉಪಾಸ ಅದಾಳು. ಚತುರ್ದಶಿ ಐತಿ. ಅತ್ತಿ ಬಾಯಿಗೆ ಇಡೂತನಾ ಹೊಸಾ ಖಾರಾ ನಾವ್ಯಾರೂ ಮುಟ್ಟಂಗಿಲ್ಲ. ನಾಳಿ ಆಕಿ ಪಾರಣಿ ಮಾಡಿದಮ್ಯಾಲೆ... ಯಾಕ ಅಕ್ಕಾ, ಹಿಂಗ್ಯಾಕ ಕುಂತಿ?"

ನಾನು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಿದ್ದೆ. ಹೊಸ್ತಿಲ ಮೇಲೆ ಕೂರಬಾರದು ಎಂಬುದು ಗೊತ್ತಿದ್ದೂ ಏಳಲಿಲ್ಲ. ಹಿಂದೆ ಮೊಮ್ಮಗಳು ಮೂಗು ಸೊರ್ ಎಂದು ಎಳೆದುಕೊಂಡದ್ದು ಕೇಳಿಸಿತು. ಬೆಳಗಿನಿಂದ ಎದೆಯ ಮೇಲೆ ಕುಳಿತಿದ್ದ ಆ ಒನಕೆಯನ್ನು ಯಾರೋ ಎತ್ತಿ ಪಕ್ಕಕ್ಕೆ ಇಟ್ಟಂತಾಯಿತು. ಹೆರಿಗೆ ಆದ ಮೇಲೆ ಒಮ್ಮೆ, ಗಂಡನ ಆಪರೇಶನ್ ಮುಗಿದು ಡಾಕ್ಟರು ಹೊರಗೆ ಬಂದಾಗ ಒಮ್ಮೆ, ಇಷ್ಟು ಹಗುರಾಗಿದ್ದೆ.

ಆಮೇಲೆ ಎಲ್ಲ ಹೇಳಿದೆ. ಹಲಗೆ, ಶನಿವಾರದಿಂದ ಗುರುವಾರದವರೆಗಿನ ಬೆಳ್ಳುಳ್ಳಿ, ಬೂದಿ, ಒನಕೆ, ಮಾವಿನಕಾಯಿ. ಒಂದನ್ನೂ ಬಿಡಲಿಲ್ಲ. ಮುದುಕಿಯ ಸೊಸೆಯ ಮುಖ ಕೆಂಪಾಯಿತು.

"ನಾ ಅಲ್ಲೇ ಕುಂತಿದ್ನೆಲ್ಲ ಅಕ್ಕಾ! ನನ್ನ ಮುಂದಽ ಹಲ್ಲು ಕಿರದಿ. ಆ ಒರಳಿಗೆ ಬ್ಯಾರೆ ಖಾರಾ ಹಾಕೀವಿ ಅಂತ ಒಂದ್ ಮಾತು ಹೇಳಬಾರದಿತ್ತು? ಹೇಳಿದ್ರ ನಾ ಬುಟ್ಟಿ ಹೊತ್ಕೊಂಡು ಎದ್ದು ಬರ್ತಿದ್ದೆ."

"ಅದಕ್ಕಽ ಹೇಳಲಿಲ್ಲ," ಎಂದೆ. ಸುಳ್ಳು ಹೇಳಿ ಆಗುವುದೇನಿತ್ತು? ಬೆಳಗಿನಿಂದ ನಾನು ಒನಕೆಯ ಮೇಲೆ, ಹಲಗೆಯ ಮೇಲೆ ತಪ್ಪು ಹಾಕುತ್ತಿದ್ದೆ. ತೊಳೆದದ್ದು ಸಾಲದೇ ಹೋದದ್ದು ಒಂದು ತಪ್ಪು. ತೊಳೆಯುತ್ತಿದ್ದೇವೆ ಎಂಬುದನ್ನೇ ಅವಳಿಂದ ಮುಚ್ಚಿಟ್ಟದ್ದು ಅದಕ್ಕಿಂತ ದೊಡ್ಡದು. ಅದು ನನಗೆ ಅವಳ ಬಾಯಿಂದ ಕೇಳಿದ ಮೇಲೆ ಗೊತ್ತಾಯಿತು.

ಮುದುಕಿ ಅಷ್ಟು ಹೊತ್ತು ಮಣಿ ಎಣಿಸುತ್ತಲೇ ಇದ್ದಳು. ಕಿವಿ ಮಂದವೇನೋ ಎಂದುಕೊಂಡಿದ್ದೆ. ಸುತ್ತು ಮುಗಿಸಿ, ಮಾಲೆ ಕಣ್ಣಿಗೊತ್ತಿಕೊಂಡು, ನನ್ನ ಕಡೆ ತಿರುಗಿದಳು.

"ಎಂಬತ್ ವರ್ಷ ಆ ಗಡ್ಡಿ ರುಚಿ ಹೆಂಗಿರ್ತತಿ ಗೊತ್ತಿಲ್ದ ಕಳದೀನಿ. ನಿನ್ನ ಗಿರಣಿ ಮನಿಗೆ ಬಂದು ಕಲಿಸ್ತಿತ್ತು ನೋಡು."

"ತಪ್ಪಾತ್ರಿ ಯವ್ವಾ."

"ತಪ್ಪು ಆಗೇತಿ ಅಂತನಽ ಬಂದೀ, ಮತ್ತೇನು ಆರತಿ ಎತ್ತಾಕ ಬಂದಿ?" ಎಂದಳು. ಮೊಮ್ಮಗಳ ಕಡೆ ಗದ್ದ ಎತ್ತಿದಳು. "ಇಕಿ ಯಾರು?"

"ಮೊಮ್ಮಗಳ್ರಿ. ಬೆಳಗಾಂವದಾಗ ಕಲಿತಾಳು."

"ಏನ್ ಕಲಿತಿ ಮಗಳ?"

"ಕಂಪನಿ ಹೆಂಗ ನಡಸ್ಬೇಕು ಅನ್ನೂದು ಕಲಿತೀನ್ರಿ ಆಯಿ."

"ಒನಕಿ ಹೆಂಗ ತೊಳಿಬೇಕು ಅನ್ನೂದು ಮುಂದಿನ ವರ್ಷ ಕಲಿಸ್ತಾರೇನು?"

ಸೊಸೆ ಸಿಟ್ಟಿನಲ್ಲಿಯೂ ನಕ್ಕುಬಿಟ್ಟಳು. ಮೊಮ್ಮಗಳು ತಲೆ ತಗ್ಗಿಸಿದಳು. ನಾನು ನಗಲಿಲ್ಲ, ಆದರೆ ನಗುವಷ್ಟು ಉಸಿರು ಬಂದಿತ್ತು.

ಖಾರವನ್ನು ಧೋತರದ ಸಮೇತ ಗಂಟು ಕಟ್ಟಿಕೊಂಡು ವಾಪಸ್ ಬಂದೆವು. ಅದರ ಬದಲು ಅಷ್ಟೇ ಮೆಣಸಿನಕಾಯಿ, ಅಷ್ಟೇ ಮಸಾಲೆ ನಾನು ಕೊಡುವುದು, ಹುರಿಯುವುದು ಅವಳ ಮನೆಯಲ್ಲೇ, ಅವಳ ಕೈಯಲ್ಲೇ, ಎಂದು ಮಾತಾಯಿತು. ಎಲ್ಲಿ ಕುಟ್ಟಿಸುವುದು ಎಂಬುದನ್ನು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ಗಂಟಿನ ಖಾರವನ್ನು ಚೆಲ್ಲುವುದೆಲ್ಲಿಂದ ಬಂತು? ಆ ವರ್ಷ ನಮ್ಮ ಮನೆಗೆ ಅದೇ ಖಾರ. ಮೊದಲ ದಿನ ಮಗ ರೊಟ್ಟಿಗೆ ಹಚ್ಚಿಕೊಂಡು ಎರಡು ತುತ್ತು ತಿಂದು ಹೇಳಿದ, "ಚಲೋ ಆಗೇತಿ ಯವ್ವಾ, ಬಳ್ಳೊಳ್ಳಿ ಒಂದು ಕಡಿಮಿ."

"ಇನ್ನೂ ಕಡಿಮಿ ಇದ್ದಿದ್ರ ಇದು ನಮ್ಮ ಮನಿಗೆ ಯಾಕ ಬರ್ತಿತ್ತು? ಸುಮ್ಮ ತಿನ್ನು," ಎಂದೆ.

ಭಾನುವಾರ ಬಡಿಗನನ್ನು ಕರೆಸಿ ನಾಲ್ಕನೇ ಒರಳಿಗೆ ಜಾಲಿ ಕಟ್ಟಿಗೆಯ ಹೊಸ ಒನಕೆ ಕೂಡಿಸಿದೆ. ಹಲಗೆಯನ್ನು ಮೊಮ್ಮಗಳೇ ಒರೆಸಿದಳು. ಮತ್ತೆ ಓಣಿಯ ತುದಿಯವರೆಗೆ ಸಾಲು, ಮತ್ತೆ ಮೂದಲಿಕೆ. ಸಾಲಿಗೆ ಬೇರೆ ಉಪಾಯ ಅವಳೇ ಹುಡುಕಿದಳು. ಕರೆಂಟು ಯಾವ ಹೊತ್ತಿಗೆ ಎಂಬುದನ್ನು ವಾರದ ಮೊದಲೇ ಕರೆಂಟಿನ ಆಫೀಸಿನಲ್ಲಿ ಕೇಳಿಕೊಂಡು ಬಂದು, ಬಂದವರಿಗೆ ನಂಬರಿನ ಚೀಟಿ ಕೊಟ್ಟು, ನಿಮ್ಮದು ಇಂಥ ದಿನ ಇಂಥ ಹೊತ್ತಿಗೆ ಎಂದು ಹೇಳಿ ಕಳಿಸಿದಳು. ಹೆಂಗಸರು ಮೊದಲು ಬೈದರು, ಆಮೇಲೆ ಚೀಟಿ ಹಿಡಿದು ಹೇಳಿದ ಹೊತ್ತಿಗೆ ಬರತೊಡಗಿದರು. ಅದೂ ಅದೇ ಪುಸ್ತಕದ ಯಾವುದೋ ಕಂಪನಿಯಿಂದ ತೆಗೆದದ್ದಂತೆ. ಆ ಪುಸ್ತಕವನ್ನು ನಾನು ಹಳಿಯುವುದಿಲ್ಲ. ನಮ್ಮನ್ನು ಹಳ್ಳಕ್ಕೆ ತಳ್ಳಿದ ಕಥೆಯೂ ಅದರಲ್ಲೇ ಇತ್ತು, ಶೇಡಬಾಳದ ಬಸ್ಸು ಹತ್ತಿಸಿದ ಕಥೆಯೂ ಅದರಲ್ಲೇ ಇತ್ತು. ಯಾವುದನ್ನು ಯಾವಾಗ ತೆಗೆಯಬೇಕು ಎಂಬುದನ್ನು ಬರೆದಿರಲಿಲ್ಲ, ಅಷ್ಟೇ. ಖಾಲಿ ನಿಂತ ಯಂತ್ರ ಕಳ್ಳ ಎಂದು ಬರೆದವನಿಗೆ ನಮ್ಮ ನಾಲ್ಕನೇ ಒರಳು ಖಾಲಿ ಇರುವುದಕ್ಕೇ ಜನ ಬರುತ್ತಾರೆ ಎಂಬುದು ಹೇಗೆ ಗೊತ್ತಾಗಬೇಕು? ನನಗೇ ಗೊತ್ತಿರಲಿಲ್ಲ.

ಮಗ ಹೇಳಿದ್ದೂ ಸುಳ್ಳಾಗಲಿಲ್ಲ. ಸುದ್ದಿ ಶೇಡಬಾಳದ ತುಂಬ ಹರಡಿತು. ಎರಡು ಮನೆಯವರು ಆವತ್ತಿನಿಂದ ಬರುವುದನ್ನು ಬಿಟ್ಟರು, ಇವತ್ತಿಗೂ ಬಂದಿಲ್ಲ. ಮಂಗಳವಾರ ನಾಲ್ಕನೇ ಒರಳಿಗೆ ಯಾರೂ ಬರಲಿಲ್ಲ. ಬುಧವಾರ, ಗುರುವಾರವೂ ಇಲ್ಲ. ಹೊಸ ಒನಕೆ ಬೆಳ್ಳಗೆ ಮಿಂಚುತ್ತ ನಿಂತಿತ್ತು. ಮೊಮ್ಮಗಳು ಅದರ ಕಡೆ ನೋಡುವುದನ್ನೇ ಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಟೆಂಪೋ ಒಂದು ಬಂದು ನಿಂತಿತು. ಶೇಡಬಾಳದವಳು ಇಳಿದಳು. ಅವಳ ಹಿಂದೆ ಇನ್ನೂ ಐದು ಹೆಂಗಸರು, ಐದು ಬುಟ್ಟಿ. ಒಬ್ಬರೂ ನಗಲಿಲ್ಲ. ಬುಟ್ಟಿಯನ್ನು ಹೊರಗೇ ಇಟ್ಟು ಒಬ್ಬೊಬ್ಬರಾಗಿ ಒಳಗೆ ಬಂದು, ಬಗ್ಗಿ ಒರಳನ್ನು ಮೂಸಿದರು, ಒನಕೆಯನ್ನು ಮೂಸಿದರು. ಒಬ್ಬಳು ಉಗುರಿನಿಂದ ಕಟ್ಟಿಗೆ ಕೆರೆದು ನೋಡಿದಳು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಶಾಲೆಯಲ್ಲಿ ಇನ್‌ಸ್ಪೆಕ್ಟರು ಬಂದಾಗ ನಿಂತ ಹಾಗೆ.

"ಉಪ್ಪು ಕುಟ್ಟು ಅಕ್ಕಾ. ನಮ್ಮ ಮುಂದಽ ಕುಟ್ಟು," ಎಂದಳು ಅವಳು.

ಕುಟ್ಟಿದೆ. ಆರೂ ಜನ ಬೆರಳದ್ದಿ ಬಾಯಿಗಿಟ್ಟರು. ಒಬ್ಬಳು ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಕುಟ್ಟಿದೆ. ಮೂರು ಸಲ ಉಪ್ಪು ಕುಟ್ಟಿಸಿಕೊಂಡ ಮೇಲೆ ಶೇಡಬಾಳದವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒರಳಿನ ಪಕ್ಕ ಕುಳಿತಳು. ಆಗ ಮಗ ಮತ್ತೆ ಮೋಟಾರು ಹಚ್ಚಿದ.

ಖಾರ ಹೋಯಿತು. ಅದು ಮುದುಕಿಯ ಬಾಯಿಗೆ ಬೀಳುವವರೆಗೆ ನನಗೆ ಸಮಾಧಾನವಿಲ್ಲ. ಮುಂದಿನ ಮಂಗಳವಾರ ಶೇಡಬಾಳದಿಂದ ಬಂದ ಇನ್ನೊಬ್ಬಳ ಕೈಯಲ್ಲಿ ಮುದುಕಿ ಹೇಳಿ ಕಳಿಸಿದ್ದಳು.

"ಆಕಿ ಅತ್ತಿ ತಿಂದ್ಲಂತ," ಎಂದಳು ಬಂದವಳು ಬುಟ್ಟಿ ಇಳಿಸುತ್ತ. "ಗಿರಣಿಯಾಕಿಗೆ ಹೇಳು ಅಂದಾಳು. ಮತ್ತೆಲ್ಲಾ ಚಲೋ ಐತಂತ, ಉಪ್ಪು ಮಾತ್ರ ಹೆಚ್ಚಾಗೇತಂತ."

ಮೊಮ್ಮಗಳು ಚೀಟಿ ಬರೆಯುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

"ಆಗ್ಲಿ ಬಿಡು," ಎಂದೆ, "ನೀರು ಕುಡೀಲಿ." ಬಂದವಳ ಬುಟ್ಟಿಯನ್ನು ನಾಲ್ಕನೇ ಒರಳಿನ ಪಕ್ಕಕ್ಕೆ ಎಳೆದುಕೊಂಡೆ.